‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಡಿಸಿದ ಕೋರ್ಸು: ದೂರಶಿಕ್ಷಣದ ಸಂವಹನ ಎಂ.ಎ. ಕುರಿತು

ದಾವಣಗೆರೆಯ ಪಟ್ಟಣ ಸಹಕಾರ ಬ್ಯಾಂಕೊಂದರ ಕೌಂಟರಿನಲ್ಲಿ ಹದಿಮೂರು ವರ್ಷ ಕೆಲಸ ಮಾಡಿದ ಮೇಲೆ, ಇಬ್ಬರು ಮಕ್ಕಳೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ನಾನು ದೂರಶಿಕ್ಷಣದ ಮೂಲಕ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಎಂ.ಎ. ಕೋರ್ಸಿಗೆ ಸೇರಿಕೊಂಡೆ. ನಾಲ್ಕು ಸೆಮಿಸ್ಟರು ಮುಗಿಸಿ, ಆಮೇಲೆ ಬ್ಯಾಂಕನ್ನೂ ಬಿಟ್ಟು, ಈಗ ಖಾಸಗಿ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಪಾಠ ಮಾಡುತ್ತಿದ್ದೇನೆ. ಪ್ರವೇಶದ ದಿನಗಳು ಬಂದಾಗಲೆಲ್ಲ ಪರಿಚಯದವರು, ಪರಿಚಯದವರ ಪರಿಚಯದವರು ಫೋನು ಮಾಡಿ, ಆ ಕೋರ್ಸು ಮಾಡಿದರೆ ಏನಾದರೂ ಉಪಯೋಗವಿದೆಯೇ ಎಂದು ವಿಚಾರಿಸುತ್ತಾರೆ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿ ಇಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ನಾನು ಕಂಡ ಲೋಪಗಳು ನಾನು ಓದಿದ ಆ ಎರಡು ವರ್ಷಗಳವು. ಪಠ್ಯಕ್ರಮವಂತೂ ಈ ಬಗೆಯ ಕೋರ್ಸುಗಳಲ್ಲಿ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ.

ಮಾಹಿತಿ ಪುಸ್ತಿಕೆಯ ಮೊದಲ ಪುಟದಲ್ಲೇ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ಪರಿಣಾಮಕಾರಿ ಮಾತುಗಾರಿಕೆಯನ್ನೂ ಸಭಾಕಂಪನದಿಂದ ಮುಕ್ತಿಯನ್ನೂ ಕೋರ್ಸು ಕೊಡುವುದಾಗಿ ಬರೆದಿದ್ದರು. ಅವೆರಡೂ ನನಗೆ ಸಿಗಲಿಲ್ಲ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡುವಾಗ ಈಗಲೂ ನನ್ನ ಕೈಯ ಕಾಗದ ನಡುಗುತ್ತದೆ. ಸಿಕ್ಕಿದ್ದು ಪುಸ್ತಿಕೆಯಲ್ಲಿ ಎಲ್ಲೂ ಹೇಳಿರದ ಒಂದು ಸಣ್ಣ ಸಂಗತಿ: ಬ್ಯಾಂಕಿನಲ್ಲಿ, ಮನೆಯಲ್ಲಿ, ಕೊನೆಗೆ ತರಗತಿಯಲ್ಲಿ ದಿನಕ್ಕೆ ಎಷ್ಟು ಬಾರಿ ಎಂದು ಲೆಕ್ಕವಿಡಲಾಗದಷ್ಟು ಸಲ ಕೇಳುತ್ತಿದ್ದ ‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯನ್ನು ನಾನು ಕೇಳುವುದು ಬಿಟ್ಟೆ. ಎರಡು ವರ್ಷದ ಓದಿಗೆ ಇಷ್ಟೇ ಫಲವೇ ಎಂದು ಯಾರಾದರೂ ನಕ್ಕರೆ ಬೇಸರವಿಲ್ಲ. ನನ್ನ ಮಟ್ಟಿಗೆ ಕೊಟ್ಟ ಶುಲ್ಕಕ್ಕೆ ಅದು ಸಾಕಾಯಿತು.

ಮೊದಲು ಪಠ್ಯಸಾಮಗ್ರಿಯ ವಿಚಾರ. ಸಂವಹನ ಸಿದ್ಧಾಂತಗಳ ಪುಸ್ತಕ ಒಂದೊಂದು ಪುಟಕ್ಕೆ ಒಂದೊಂದು ಮಾದರಿಯಂತೆ ಪೆಟ್ಟಿಗೆ ಮತ್ತು ಬಾಣಗಳ ಚಿತ್ರಗಳಿಂದ ತುಂಬಿದೆ. ಅವುಗಳಲ್ಲಿ ಮೊದಲನೆಯದು 1948ರ ಕ್ಲಾಡ್ ಶಾನನ್ ಮಾದರಿ. ಬೆಲ್ ಪ್ರಯೋಗಾಲಯದ ಗಣಿತಜ್ಞನಾಗಿದ್ದ ಶಾನನ್ ಯೋಚಿಸುತ್ತಿದ್ದುದು ತಂತಿಯ ಮೂಲಕ ಸಂಕೇತಗಳನ್ನು ಕೆಡದಂತೆ ಸಾಗಿಸುವ ಬಗ್ಗೆ. ಸಂದೇಶದ ಅರ್ಥಕ್ಕೂ ತನ್ನ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲ ಎಂದು ಅವನೇ ಮೊದಲಿಗೆ ಹೇಳಿಬಿಟ್ಟಿದ್ದಾನೆ. ನಮ್ಮ ಪುಸ್ತಕ ಆ ಮಾತನ್ನು ಬಿಟ್ಟು, ಅದೇ ಚಿತ್ರದ ಒಂದು ತುದಿಗೆ ತಾಯಿಯನ್ನೂ ಇನ್ನೊಂದು ತುದಿಗೆ ಮಗುವನ್ನೂ ಕೂರಿಸಿ ಉದಾಹರಣೆ ಕೊಡುತ್ತದೆ. ಕೇಳುವವರಿಂದ ಹೇಳುವವರ ಕಡೆಗೆ ತಿರುಗಿ ಬರುವ ಬಾಣ ಶಾನನ್ನನ ಮೂಲ ಚಿತ್ರದಲ್ಲಿ ಇಲ್ಲ. ಆ ಕಲ್ಪನೆಗೆ ಬಲ ಬಂದದ್ದು ಅದೇ 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಸೈಬರ್ನೆಟಿಕ್ಸ್, ಅಂದರೆ ಯಂತ್ರ ಮತ್ತು ಜೀವಿಗಳಲ್ಲಿನ ನಿಯಂತ್ರಣ ಹಾಗೂ ಸಂವಹನದ ಅಧ್ಯಯನ, ಕುರಿತು ಬರೆದದ್ದರಿಂದ. ಇಡೀ ಕೋರ್ಸಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಫೀಡ್‌ಬ್ಯಾಕ್’ ಎನ್ನುವ ಆ ಒಂದು ಬಾಣ. ಆದರೆ ಅದಕ್ಕೆ ಒಂದು ಪುಸ್ತಕದಲ್ಲಿ ‘ಮರುಮಾಹಿತಿ’, ಎರಡನೆಯದರಲ್ಲಿ ‘ಹಿಮ್ಮಾಹಿತಿ’, ಮೂರನೆಯದರಲ್ಲಿ ಹಿಂದಿಯಿಂದ ಬಂದಂತಿರುವ ‘ಪ್ರತಿಪುಷ್ಟಿ’ ಎಂದು ಹೆಸರಿಟ್ಟಿದ್ದರಿಂದ, ಮೂರೂ ಒಂದೇ ಎಂದು ಗೊತ್ತಾಗುವಷ್ಟರಲ್ಲಿ ಮೊದಲ ಸೆಮಿಸ್ಟರು ಕಳೆದಿತ್ತು. ನಮ್ಮ ಕೌಂಟರಿಗೆ ಬರುವವರಿಗೆ ‘ಠೇವಣಿ’, ‘ಡಿಪಾಜಿಟ್’, ‘ಎಫ್‌ಡಿ’ ಎಂದು ಒಂದೇ ವಸ್ತುವಿಗೆ ಮೂರು ಹೆಸರು ಹೇಳಿದರೆ ಎಷ್ಟು ಗಲಿಬಿಲಿಯಾಗುತ್ತಿತ್ತೋ ಅಷ್ಟೇ ಗಲಿಬಿಲಿ ನನಗೂ ಆಯಿತು.

ಇನ್ನೊಂದು ತಪ್ಪನ್ನು ಹೇಳದೆ ಬಿಡಲಾರೆ, ಏಕೆಂದರೆ ಅದನ್ನು ಈಗಲೂ ತರಬೇತಿ ಶಿಬಿರಗಳಲ್ಲಿ ಕೇಳುತ್ತಿದ್ದೇನೆ. ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಮುಖಭಾವದ್ದು ಶೇ. 55 ಎಂದು ಪುಸ್ತಕ ಯಾವ ಅಳುಕೂ ಇಲ್ಲದೆ ಬರೆಯುತ್ತದೆ. ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನಡೆಸಿದ ಎರಡು ಪ್ರಯೋಗಗಳಿಂದ ಹುಟ್ಟಿದ ಅಂಕಿಗಳಿವು. ಅಲ್ಲಿ ಪರೀಕ್ಷಿಸಿದ್ದು ಬಿಡಿ ಪದಗಳನ್ನು ಹೇಳಿದಾಗ ಇಷ್ಟ, ಅನಿಷ್ಟಗಳು ಹೇಗೆ ತಿಳಿಯುತ್ತವೆ ಎಂಬುದನ್ನು. ಭಾವನೆ ಮತ್ತು ಮನೋಧರ್ಮಗಳ ಮಾತನ್ನು ಬಿಟ್ಟು ಬೇರೆ ಕಡೆಗೆ ಈ ಸೂತ್ರವನ್ನು ಒಯ್ಯಬಾರದೆಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಪದಗಳ ಪಾಲು ನಿಜಕ್ಕೂ ಶೇ. 7 ಆಗಿದ್ದರೆ ನಾನು ಸಾಲದ ಕರಾರುಪತ್ರವನ್ನು ಮುಖಭಾವದಲ್ಲೇ ಓದಿ ಹೇಳಬಹುದಾಗಿತ್ತು.

ಪುಸ್ತಕಗಳಲ್ಲಿ ಒಳ್ಳೆಯದೇ ಇಲ್ಲವೆಂದಲ್ಲ. ಭಾರತದ ಮಾಧ್ಯಮ ಚರಿತ್ರೆಯನ್ನು ಬರೆದವರು ಯಾರೋ ಶ್ರದ್ಧೆಯಿಂದ ಬರೆದಿದ್ದಾರೆ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಕೇಂದ್ರವನ್ನು ಆರಂಭಿಸಿದ ಕಥೆ ಅಲ್ಲಿದೆ. ಇಂಥ ಕೆಲಸಕ್ಕೆ ಕೈಹಾಕಿದ್ದು ಎಂಜಿನಿಯರ್ ಅಲ್ಲ, ಮನಸ್ಸನ್ನು ಓದುವ ಮೇಷ್ಟ್ರು ಎಂಬುದು ನನಗೆ ಬಹಳ ಹಿಡಿಸಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದ ಘಟಕವೂ ಸೊಗಸಾಗಿದೆ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬರುತ್ತಿದ್ದ ಆ ಪ್ರಯೋಗದಲ್ಲಿ ನಮ್ಮ ಕಡೆಯಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ರಾಯಚೂರು ಸೀಮೆಯವರಾದ ನನ್ನ ಮಾವನವರಿಗೆ ಆ ಘಟಕವನ್ನು ಓದಿ ಹೇಳಿದಾಗ ಅವರು ಕೃಷಿ ಕಾರ್ಯಕ್ರಮದ ಸುದ್ದಿಯನ್ನೇ ಎತ್ತಲಿಲ್ಲ, ಟಿ.ವಿ. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಊರಿನಲ್ಲಿ ನಡೆದ ಜಗಳವನ್ನು ಅರ್ಧ ಗಂಟೆ ವರ್ಣಿಸಿದರು. ಸಂದೇಶ ತಲುಪಿದ್ದಕ್ಕೂ ಜನ ನೆನಪಿಟ್ಟುಕೊಂಡದ್ದಕ್ಕೂ ನಡುವಿನ ಅಂತರ ಎಷ್ಟಿರಬಹುದೆಂದು ಆ ಸಂಜೆ ನನಗೆ ತಿಳಿಯಿತು.

ಸೇವೆಯ ವಿಷಯದಲ್ಲಿ ಐದಕ್ಕೆ ಎರಡು ಅಂಕ ಕೊಡುತ್ತೇನೆ. ಎರಡನೆಯ ಸೆಮಿಸ್ಟರಿನ ಪುಸ್ತಕಗಳು ಪರೀಕ್ಷೆಗೆ ಹದಿನೆಂಟು ದಿನ ಇರುವಾಗ ಅಂಚೆಯಲ್ಲಿ ಬಂದವು. ಪರೀಕ್ಷಾ ಕೇಂದ್ರ ಬದಲಾದ ಸಂಗತಿಯನ್ನು ಜಾಲತಾಣದ ಒಂದು ಮೂಲೆಯಲ್ಲಿ ರಾತ್ರಿ ಪ್ರಕಟಿಸಿ, ಮರುದಿನ ವಿಚಾರಿಸಿದರೆ ‘ಪ್ರಕಟಣೆ ಹಾಕಿದ್ದೀವಲ್ಲ’ ಎಂದರು. ಹಾಕಿದ್ದಕ್ಕೂ ತಲುಪಿದ್ದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಲು ಅವರದೇ ಪುಸ್ತಕದ ನಾಲ್ಕನೆಯ ಘಟಕವನ್ನು ಉಲ್ಲೇಖಿಸಬಹುದಾಗಿತ್ತು, ಸುಮ್ಮನಾದೆ. ಪ್ರತಿ ಪುಸ್ತಕದ ಕೊನೆಗೆ ವಿದ್ಯಾರ್ಥಿಯ ಅಭಿಪ್ರಾಯಕ್ಕೆಂದು ಒಂದು ಹಾಳೆ ಇರುತ್ತದೆ. ಅದರ ಮೊದಲ ಪ್ರಶ್ನೆ: ‘ಈ ಘಟಕಗಳು ನಿಮಗೆ ಅರ್ಥವಾದವೇ? ಹೌದು / ಇಲ್ಲ.’

ಸಂಪರ್ಕ ತರಗತಿಗಳು ಬಹುಪಾಲು ಪುಸ್ತಕದ ಪುನರುಚ್ಚಾರಗಳೇ. ಆದರೆ ಒಂದು ಭಾನುವಾರ, ಪತ್ರಿಕೆಯಲ್ಲಿ ಉಪಸಂಪಾದಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಬಂದು ನಮ್ಮೆಲ್ಲರ ಓದಿನ ದಿಕ್ಕನ್ನೇ ಬದಲಿಸಿದರು. ಅವರು ಒಂದೂವರೆ ಗಂಟೆ ಒಂದೇ ಒಂದು ಚಿತ್ರವನ್ನೂ ಬರೆಯಲಿಲ್ಲ. ‘ನಿಮ್ಮ ಕೆಲಸದ ಜಾಗದಲ್ಲಿ ದಿನವೂ ಕೇಳುವ ಒಂದು ಪ್ರಶ್ನೆ ಹೇಳಿ’ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ನರ್ಸ್ ಕೆಲಸದಲ್ಲಿದ್ದವರು, ಶಾಲೆಯ ಶಿಕ್ಷಕಿ, ಆರ್‌ಟಿಒ ಕಚೇರಿಯ ಗುಮಾಸ್ತರು ಮತ್ತು ನಾನು, ನಾಲ್ವರೂ ‘ಅರ್ಥ ಆಯ್ತಾ?’ ಎಂದೇ ಹೇಳಿದೆವು. ಅವರು ನಗುತ್ತ, ಕ್ರಿಯಾಪದದ ಬಾಲಕ್ಕೆ ‘ಆ’ಕಾರ ಅಂಟಿಸಿ ಕೇಳುವ ಪ್ರಶ್ನೆಗೆ ಕನ್ನಡದಲ್ಲಿ ಇರುವುದು ಎರಡೇ ಉತ್ತರ, ಅವುಗಳಲ್ಲಿ ‘ಹೂಂ’ ಎನ್ನಲು ಖರ್ಚಿಲ್ಲ, ‘ಇಲ್ಲ’ ಎನ್ನಲು ನಾಲ್ಕು ಜನರ ಮುಂದೆ ದಡ್ಡನಾಗಬೇಕು, ಹಾಗಾಗಿ ಯಾರಾದರೂ ‘ಇಲ್ಲ’ ಅಂದರೆ ಅವರನ್ನು ಶೂರರೆಂದೇ ತಿಳಿಯಿರಿ ಎಂದರು. ಗಾಳಿಯಿಲ್ಲದ ಆ ಕೋಣೆಯಲ್ಲಿ, ತೂಕಡಿಸುತ್ತಿದ್ದ ಹೊತ್ತಿನಲ್ಲಿ ಕೇಳಿದ ಈ ಮಾತೇ ನನ್ನ ಕಿರುಪ್ರಬಂಧದ ವಿಷಯವಾಯಿತು.

ಅದಕ್ಕೆ ಕೆಲವೇ ತಿಂಗಳ ಹಿಂದೆ ಬ್ಯಾಂಕಿನಲ್ಲಿ ನನಗೆ ಒಂದು ಪೆಟ್ಟು ಬಿದ್ದಿತ್ತು. ಠೇವಣಿಯ ಮೇಲಿನ ವಿಮೆಯ ಮಿತಿಯನ್ನು 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ್ದರು. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ ಅಷ್ಟರವರೆಗೆ ಠೇವಣಿ ವಿಮಾ ನಿಗಮ ಕೊಡುತ್ತದೆ ಎಂಬುದು ಅದರ ಸಾರಾಂಶ. ಸಹಕಾರ ಬ್ಯಾಂಕುಗಳ ಬಗ್ಗೆ ಜನ ಭಯದಿಂದ ವಿಚಾರಿಸುತ್ತಿದ್ದ ದಿನಗಳವು. ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ, ಸಹಕಾರ ಬ್ಯಾಂಕುಗಳಿಗೆ ಇದೆ ಎಂಬ ವ್ಯತ್ಯಾಸವನ್ನೂ ಹೇಳಬೇಕಾಗುತ್ತಿತ್ತು. ಹೊನ್ನಾಳಿ ಕಡೆಯ ವೃದ್ಧರೊಬ್ಬರಿಗೆ ನಾನು ‘ನಿಮ್ಮ ದುಡ್ಡಿಗೆ ಐದು ಲಕ್ಷದವರೆಗೆ ವಿಮೆ ಐತಿ ಯಜಮಾನ್ರೇ, ಅರ್ಥ ಆಯ್ತಾ?’ ಎಂದೆ. ‘ಹೂನವ್ವಾ’ ಎಂದು ನೆಮ್ಮದಿಯಿಂದ ಹೋದರು. ಅವರು ತೀರಿಕೊಂಡ ಮೇಲೆ ಮಗ ಬಂದು, ಅಪ್ಪನ ಹೆಸರಿನ ಐದು ಲಕ್ಷದ ವಿಮೆಯ ಹಣ ಯಾವಾಗ ಬರುತ್ತದೆ ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ಅವರ ಪಾಲಿಗೆ ವಿಮೆಯೆಂದರೆ ಮನುಷ್ಯ ಸತ್ತಾಗ ಬರುವ ಹಣ. ನಾನು ಹೇಳಿದ ಒಂದೊಂದು ಪದವೂ ಅವರನ್ನು ಸ್ಪಷ್ಟವಾಗಿ ತಲುಪಿತ್ತು. ಶಾನನ್ನನ ಲೆಕ್ಕದಲ್ಲಿ ಯಾವ ದೋಷವೂ ಇರಲಿಲ್ಲ.

ಕಿರುಪ್ರಬಂಧಕ್ಕಾಗಿ ನಾನು ಮೂರು ವಾರ ಕೌಂಟರಿನ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು, ಏನನ್ನು ವಿವರಿಸಿದೆ, ಕೇಳಿದವರು ಅರ್ಥವಾಯಿತೆಂದು ಹೇಗೆ ಸೂಚಿಸಿದರು, ಅದೇ ಅನುಮಾನಕ್ಕೆ ಮತ್ತೆ ಬಂದರೇ ಎಂದು ಬರೆಯುತ್ತ ಹೋದೆ. ‘ಹೂಂ’ ಎಂಬ ಕಾಲಂ ತುಂಬಿ ಅಂಚಿಗೂ ಹರಿಯಿತು, ‘ಇಲ್ಲ’ ಎಂಬ ಕಾಲಂ ಬೆರಳೆಣಿಕೆಯಷ್ಟಕ್ಕೇ ನಿಂತಿತು. ನಾಲ್ಕನೆಯ ವಾರದಿಂದ ಪ್ರಶ್ನೆ ಬದಲಿಸಿದೆ. ‘ಮನೀಗೆ ಹೋಗಿ ಮಗನಿಗೆ ಏನಂತ ಹೇಳ್ತೀರಿ?’ ಎಂದು ಕೇಳತೊಡಗಿದೆ. ವೈದ್ಯರು ರೋಗಿಗಳಿಂದ ಔಷಧದ ಕ್ರಮವನ್ನು ಮರಳಿ ಹೇಳಿಸಿಕೊಳ್ಳುವ ವಿಧಾನವೊಂದಿದೆ; ಆರೋಗ್ಯ ಸಂವಹನದ ಘಟಕದಲ್ಲಿ ಅದಕ್ಕೆ ಸಿಕ್ಕಿರುವುದು ಒಂದೂವರೆ ಪುಟ. ಜನ ಹೇಳುತ್ತಿದ್ದ ಮರುಮಾತುಗಳು ನನ್ನ ವಿವರಣೆಯ ತೂತುಗಳನ್ನು ಒಂದೊಂದಾಗಿ ತೋರಿಸಿದವು: ಖಾತೆಯ ಹಣ ಪಡೆದುಕೊಳ್ಳಲು ಹೆಸರಿಸಿದ ‘ನಾಮಿನಿ’ ಎಂದರೆ ಆಸ್ತಿಯ ವಾರಸುದಾರ, ಗುರುತಿನ ದಾಖಲೆ ಕೇಳುವ ‘ಕೆವೈಸಿ’ ಎಂದರೆ ಬ್ಯಾಂಕಿಗೆ ತಮ್ಮ ಮೇಲೆ ಬಂದ ಸಂಶಯ ಎಂದೇ ಬಹಳ ಮಂದಿ ತಿಳಿದಿದ್ದರು. ಸರದಿಯ ಸಾಲು ಉದ್ದವಾಗುತ್ತದೆಂದು ಮೊದಲು ಗೊಣಗಿದ ವ್ಯವಸ್ಥಾಪಕರು, ಅದೇ ಕೆಲಸಕ್ಕೆ ಎರಡನೆಯ ಸಲ ಬರುವವರು ಕಡಿಮೆಯಾದುದನ್ನು ಕಂಡು ಆಮೇಲೆ ಸುಮ್ಮನಾದರು. ವಿಮೆಗೆ ನಾನು ‘ಬ್ಯಾಂಕು ಮುಚ್ಚಿದರೆ ರಿಸರ್ವ್ ಬ್ಯಾಂಕಿನ ನಿಗಮ ಕೊಡುವ ಹಣ’ ಎನ್ನತೊಡಗಿದೆ. ಅದು ಉದ್ದವೇ, ಆದರೆ ಅದರಲ್ಲಿ ಸಾವಿಲ್ಲ.

ಮನೆಯ ಮಟ್ಟಿಗೆ ಕೋರ್ಸು ಕೊಟ್ಟ ತಂತ್ರಗಳು ಬಹುಪಾಲು ಸೋತವು. ಏಳನೆಯ ತರಗತಿಯಲ್ಲಿದ್ದ ಮಗನಿಗೆ ಮರಳಿ ಹೇಳಿಸುವ ಪ್ರಯೋಗ ಮಾಡಿದಾಗ ಅವನು, ‘ಅಮ್ಮಾ, ನಾನೇನು ನಿನ್ನ ಕಸ್ಟಮರ್ರಾ?’ ಎಂದು ಕೇಳಿದ. ಮಕ್ಕಳನ್ನು ದೂಷಿಸುವ ‘ನೀನು’ ವಾಕ್ಯಗಳನ್ನು ಬಿಟ್ಟು ನಮ್ಮ ಭಾವನೆಯನ್ನು ಹೇಳುವ ‘ನಾನು’ ವಾಕ್ಯಗಳನ್ನು ಬಳಸಬೇಕೆಂದು ಪುಸ್ತಕ ಹೇಳುತ್ತದೆ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಾಲಕರಿಗಾಗಿ ತರಗತಿ ಶುರುಮಾಡಿದ ಥಾಮಸ್ ಗಾರ್ಡನ್ ಅವರ ಮಾತದು. ‘ನೀನು ಚೀಲವನ್ನು ಬಿಸಾಕಿದಾಗ ನನಗೆ ಬೇಸರವೆನಿಸುತ್ತದೆ’ ಎಂದು ಒಂದು ಸಲ ಹೇಳಿ ನೋಡಿದೆ. ಡಬ್ಬಿಂಗ್ ಧಾರಾವಾಹಿಯ ಅತ್ತೆಯ ಹಾಗೆ ಕೇಳಿಸಿತು, ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಹೊಳೆದದ್ದೇನೆಂದರೆ, ಆ ತಂತ್ರದ ಅರ್ಧ ಕೆಲಸವನ್ನು ಕನ್ನಡ ಆಗಲೇ ಮಾಡಿಟ್ಟಿದೆ. ನಮ್ಮಲ್ಲಿ ನಾನು ಸಿಟ್ಟಾಗುವುದಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬರುತ್ತದೆ. ಬೇಸರ, ಭಯ, ನಾಚಿಕೆ ಎಲ್ಲವೂ ಹಾಗೆಯೇ ಬರುತ್ತವೆ, ಆಗುತ್ತವೆ, ಹೋಗುತ್ತವೆ. ‘ನಿನ್ನಿಂದ’ ಎಂಬ ಒಂದು ಪದವನ್ನು ಮುಂದೆ ಸೇರಿಸದಿದ್ದರೆ ಸಾಕು. ‘ಸಿಟ್ಟು ಬರ್ತೈತಿ ಕಣಪ್ಪ, ಚೀಲ ಎತ್ತಿಡು’ ಎಂದರೆ ಅವನು ಎತ್ತಿಡುತ್ತಾನೆ, ಬಹುಮಟ್ಟಿಗೆ.

ಮಕ್ಕಳೊಂದಿಗೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕೆಂಬ ಸಲಹೆಯನ್ನೂ ಹೊರಗಿನಿಂದ ಎತ್ತಿಕೊಂಡು ಬಂದಿದ್ದಾರೆ. ದೊಡ್ಡವರು ಗದರುವಾಗ ತಲೆ ತಗ್ಗಿಸಬೇಕು, ದಿಟ್ಟಿಸಿದರೆ ಎದುರು ನಿಂತಂತೆ ಎಂದು ಕಲಿತ ಮನೆಗಳಲ್ಲಿ ಆ ದೃಷ್ಟಿಯೇ ವಿಚಾರಣೆಯಾಗಿಬಿಡುತ್ತದೆ. ಸಿದ್ಧಾಂತದ ಪುಸ್ತಕದಲ್ಲಿ ಮಾಧ್ಯಮವನ್ನೂ ಸಂದೇಶದಷ್ಟೇ ಗಮನಿಸಬೇಕೆಂದು ಓದಿದ ಮೇಲೆ, ಮಗ ಯಾವಾಗ ತಾನಾಗಿ ಮಾತಾಡುತ್ತಾನೆ ಎಂದು ನೋಡತೊಡಗಿದೆ. ಸ್ಕೂಟರಿನ ಹಿಂದೆ ಕೂತಾಗ ಮಾತ್ರ ಆಡುತ್ತಿದ್ದ. ಅಲ್ಲಿ ಅವನಿಗೆ ನನ್ನ ಮುಖ ಕಾಣುವುದಿಲ್ಲ, ನನಗೆ ಅವನದು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತದೆ, ಹಾಗಾಗಿ ಹೇಳಿದ್ದನ್ನು ಬೇಕಾದರೆ ಹಿಂತೆಗೆದುಕೊಳ್ಳಲೂಬಹುದು. ಶಾಲೆಯಲ್ಲಿ ತಿಂಗಳುಗಟ್ಟಲೆ ಮೂವರು ಹುಡುಗರು ತನ್ನ ತೊದಲನ್ನು ಅಣಕಿಸುತ್ತಿದ್ದುದನ್ನು ಅವನು ಹೇಳಿದ್ದು ವಿದ್ಯಾರ್ಥಿ ಭವನದ ಸಿಗ್ನಲ್ಲಿನಲ್ಲಿ, ನನ್ನ ಬೆನ್ನಿಗೆ. ಆ ಮೇಲೆ ಆರು ತಿಂಗಳು, ವ್ಯಾನಿನ ದುಡ್ಡು ಕಟ್ಟಿದ್ದರೂ, ಅವನನ್ನು ನಾನೇ ಶಾಲೆಗೆ ಬಿಟ್ಟುಬಂದೆ.

ಪಾಠದ ಕೆಲಸಕ್ಕೆ ಬಂದ ಮೊದಲ ತಿಂಗಳು ನಾನೇ ನನ್ನ ಕಿರುಪ್ರಬಂಧವನ್ನು ಮರೆತಿದ್ದೆ. ಅರವತ್ತು ಮಕ್ಕಳ ಮುಂದೆ ಪ್ರತಿ ಹತ್ತು ನಿಮಿಷಕ್ಕೆ ‘ಅರ್ಥ ಆಯ್ತಾ?’ ಎಂದರೆ ‘ಆಯ್ತು ಮೇಡಂ’ ಎಂಬ ಪಲ್ಲವಿ ಬರುತ್ತಿತ್ತು, ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಅದು ಪಲ್ಲವಿಯಷ್ಟೇ ಎಂದು ತೋರಿಸಿದವು. ಐಚ್ಛಿಕವಾಗಿ ಆರಿಸಿಕೊಂಡಿದ್ದ ಶೈಕ್ಷಣಿಕ ಸಂವಹನದ ಪತ್ರಿಕೆಯನ್ನು ಮತ್ತೆ ತೆಗೆದು ಓದಿದೆ. ಇಡೀ ಕೋರ್ಸಿನಲ್ಲಿ ಅತ್ಯುತ್ತಮವಾದ ಪುಸ್ತಕ ಅದೇ, ಅದನ್ನು ಆರಿಸಿಕೊಳ್ಳುವವರು ಮಾತ್ರ ತೀರ ಕಡಿಮೆ. ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಹೊತ್ತು ಮಾತ್ರ ಕಾಯುತ್ತಾರೆಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ತೆರೆದರು. ನನ್ನ ತರಗತಿಯಲ್ಲಿ ಮೂರು ಸೆಕೆಂಡು ಸಾಲುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಪ್ರಶ್ನೆಯಲ್ಲಿನ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ಇಳಿಸಿಕೊಂಡು, ಉತ್ತರವನ್ನು ಮತ್ತೆ ಇಂಗ್ಲಿಷಿಗೆ ಏರಿಸಬೇಕಲ್ಲ; ಅವರಿಗೆ ಹತ್ತಾದರೂ ಬೇಕು. ಆ ಹತ್ತು ಸೆಕೆಂಡು ಮೇಜಿನ ಅಂಚನ್ನು ಹಿಡಿದು ನಿಲ್ಲುವುದು ಯಾವ ಭಾಷಣಕ್ಕಿಂತಲೂ ಕಷ್ಟ.

ಒಂದು ದಿನ ‘ಗೇಟ್‌ಕೀಪರ್’, ಅಂದರೆ ಯಾವ ಸುದ್ದಿ ಮುಂದೆ ಹೋಗಬೇಕು, ಯಾವುದು ಬೇಡ ಎಂದು ನಿರ್ಧರಿಸುವವರು, ಎಂಬ ಪರಿಕಲ್ಪನೆಯ ಪಾಠ ಮುಗಿಸಿ, ನಿಮ್ಮ ಮನೆಯಲ್ಲಿ ಅಂಥವರು ಯಾರು ಎಂದು ಕೇಳಿ ಸುಮ್ಮನೆ ನಿಂತೆ. ಮುಂದಿನ ಬೆಂಚಿನವರು ಪುಸ್ತಕ ತಿರುವಿದರು. ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ, ಅಲ್ಲಿಯವರೆಗೆ ಹಾಜರಿಗಲ್ಲದೆ ಬಾಯಿ ತೆರೆಯದಿದ್ದ ಹುಡುಗಿ ಎದ್ದು, ‘ನಮ್ಮಜ್ಜಿ ಮೇಡಂ. ಯಾರ ಫೋನ್ ಬಂದ್ರೂ ಅಡುಗೆಮನಿಯಿಂದ ಬಂದು ಅವರೇ ತಗೊಳ್ಳೋದು. ಅಜ್ಜಗೆ ಯಾವ ಸುದ್ದಿ ಹೇಳ್ಬೇಕು, ಯಾವುದು ಬ್ಯಾಡ ಅಂತ ಅವರೇ ನೋಡ್ತಾರೆ’ ಎಂದಳು. 1950ರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಪತ್ರಿಕಾ ಕಚೇರಿಗೆ ಅನ್ವಯಿಸಿದ ಈ ಪರಿಕಲ್ಪನೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ ಮೊದಲು ರೂಪಿಸಿದ್ದು, ಮನೆಗೆ ಯಾವ ಆಹಾರ ಬರಬೇಕೆಂದು ನಿರ್ಧರಿಸುವ ಗೃಹಿಣಿಯರನ್ನು ಅಧ್ಯಯನ ಮಾಡುವಾಗ. ಅವಳು ಪಠ್ಯಪುಸ್ತಕವನ್ನು ದಾಟಿ ನೇರವಾಗಿ ಅದರ ಮೂಲಕ್ಕೇ ಹೋಗಿದ್ದಳು. ಅದನ್ನು ನಾನು ತರಗತಿಗೆ ಹೇಳಿದಾಗ ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ಸೇರಬೇಕೆನ್ನುವವರಿಗೆ ಕೆಲವು ಮಾತು. ಬರೀ ಎಂ.ಎ.ಯಿಂದ ಉಪನ್ಯಾಸಕರ ಕೆಲಸ ಕೈಗೆ ಬರುವುದಿಲ್ಲ, ಶೇ. 55 ಅಂಕಗಳ ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ತೇರ್ಗಡೆಯಾಗಬೇಕು, ಮೀಸಲಾತಿ ಇರುವವರಿಗೆ ಶೇ. 50 ಸಾಕು. ಎನ್‌ಇಟಿಯ ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಸಂವಹನವೂ ಒಂದು, ಆದ್ದರಿಂದ ಆ ಭಾಗಕ್ಕೆ ಬೇರೆ ತಯಾರಿ ಬೇಕಾಗಲಿಲ್ಲ. ವರದಿಗಾರರಾಗಬೇಕೆನ್ನುವ ಇಪ್ಪತ್ತರ ಹರೆಯದವರು ದೂರಶಿಕ್ಷಣಕ್ಕೆ ಬರದೆ ಕಾಲೇಜಿಗೆ ಹೋಗಿ, ಕ್ಯಾಮೆರಾ, ಎಡಿಟಿಂಗ್ ಕೈಯಾರೆ ಕಲಿಯಲಿ. ಇಲ್ಲಿ ಅವೆಲ್ಲ ಚಿತ್ರಗಳಲ್ಲಿ ಮಾತ್ರ ಇವೆ. ಆಗಲೇ ಒಂದು ಕೆಲಸದಲ್ಲಿ ಇರುವವರಿಗೆ, ದಿನವೂ ಹತ್ತು ಜನರಿಗೆ ಏನನ್ನಾದರೂ ವಿವರಿಸಬೇಕಾದವರಿಗೆ ಇದು ಸರಿಯಾದ ಕೋರ್ಸು, ಎರಡು ವರ್ಷದ ಶುಲ್ಕವೆಲ್ಲ ಸೇರಿದರೂ ನನ್ನ ಮಗನ ಶಾಲೆಯ ಒಂದು ವರ್ಷದ ವ್ಯಾನಿನ ಬಾಡಿಗೆಗಿಂತ ಕಡಿಮೆಯಿತ್ತು. ಕಿರುಪ್ರಬಂಧಕ್ಕೆ ಸಿನಿಮಾ, ಜಾಹೀರಾತುಗಳ ವಿಷಯ ತೆಗೆದುಕೊಳ್ಳದೆ ನಿಮ್ಮ ಕೌಂಟರು, ನಿಮ್ಮ ವಾರ್ಡು, ನಿಮ್ಮ ಅಂಗನವಾಡಿಯನ್ನೇ ವಿಷಯ ಮಾಡಿಕೊಳ್ಳಿ, ಮೇಲಧಿಕಾರಿಯ ಅನುಮತಿಯನ್ನು ಲಿಖಿತವಾಗಿಯೇ ಪಡೆಯಿರಿ. ಬ್ಯಾಂಕಿನವರಾದರೆ ಮತ್ತೊಂದು ಎಚ್ಚರಿಕೆ: ಪರೀಕ್ಷೆ ಮಾರ್ಚಿ ತಿಂಗಳ ಕೊನೆಗೆ ಬಿದ್ದರೆ ರಜೆ ಸಿಗುವುದಿಲ್ಲ. ನಾನು ಹಾಗೆ ಒಂದು ಪತ್ರಿಕೆಯನ್ನು ಬಿಟ್ಟು, ಮುಂದಿನ ಸರದಿಯಲ್ಲಿ ಮತ್ತೆ ಶುಲ್ಕ ಕಟ್ಟಿ ಬರೆಯಬೇಕಾಯಿತು.